ಪೆನ್ಸಿಲ್ಲಿನ ಮೇಲೆ ಶಾಯಿ

ಕೋಟಿನ ತೋಳನ್ನು ತಿರುವಿ ಬೆಳಕಿಗೆ ಹಿಡಿದಾಗ ಕಲೆ ಇನ್ನೂ ಅರ್ಧ ಉಳಿದಿತ್ತು. ಅವಳು ಬ್ರಶ್ಶನ್ನು ಸಾಬೂನಿನ ನೀರಿಗೆ ಅದ್ದಿ, ಅಡಿಯಲ್ಲಿ ಬಿಳಿಬಟ್ಟೆ ಇಟ್ಟು, ಮತ್ತೆ ಮೆಲ್ಲಗೆ ತಟ್ಟತೊಡಗಿದಳು. ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ. ಹನ್ನೊಂದಕ್ಕೆ ಕೋರ್ಟು. ಇಸ್ತ್ರಿ ಮೇಜಿನ ಆಚೆ ನಿಂತಿದ್ದ ಗಂಡ ಎರಡು ಸಲ ಗಡಿಯಾರ ನೋಡಿದ, ಒಂದು ಸಲ ಅವಳನ್ನು ನೋಡಿದ, ಯಾರದೋ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿ ಓಡಿಸಿದ.

ಕಲೆಗಳನ್ನು ಕಂಡರೆ ಅವಳಿಗೆ ಹೇಸಿಗೆಯಿರಲಿಲ್ಲ. ಹದಿನಾರು ವರ್ಷ ಊರವರ ಬೆವರು, ಕೂಸುಗಳ ವಾಂತಿ, ಮುದುಕರ ಹಾಸಿಗೆಯ ಒದ್ದೆ ಎಲ್ಲವನ್ನೂ ಈ ಮೇಜಿನ ಮೇಲೆ ಹರವಿಕೊಂಡು ನೋಡಿದವಳು. ಮಧ್ಯಾಹ್ನ ಅದೇ ಕೈ ತೊಳೆದು ನೆಮ್ಮದಿಯಾಗಿ ಊಟ ಮಾಡುತ್ತಿದ್ದಳು. ಬಟ್ಟೆ ತಂದವರು ಕಲೆಯ ಬಗ್ಗೆ ಹೇಳುವ ಸುಳ್ಳುಗಳು ಮಾತ್ರ ಅವಳಿಗೆ ನಗು ತರಿಸುತ್ತಿದ್ದವು. ಲಿಪ್‌ಸ್ಟಿಕ್ಕಿಗೆ ಹಣ್ಣಿನ ರಸ ಎನ್ನುತ್ತಿದ್ದರು. ಹೆಂಡಕ್ಕೆ ಕೆಮ್ಮಿನ ಔಷಧಿ ಎನ್ನುತ್ತಿದ್ದರು.

ಆ ಸುಳ್ಳುಗಳಿಗಾಗಿಯೇ ಅಂಗಡಿಯಲ್ಲಿ ಕಲೆ ಪುಸ್ತಕ ಇತ್ತು. ಲಾಂಡ್ರಿ ಗಂಡನ ಅಣ್ಣನದು. ಪುಸ್ತಕವೂ ಅವಳ ಈ ಭಾವನದೇ ಏರ್ಪಾಡು. ಬಟ್ಟೆ ಕೊಡುವವರ ಎದುರಿಗೇ ಚೀಟಿಯ ನಂಬರು, ಬಟ್ಟೆ ಯಾವುದು, ಕಲೆ ಎಲ್ಲಿ, ಅದು ಏನೆಂದು ಅವರು ಹೇಳುತ್ತಾರೆ, ಇಷ್ಟನ್ನು ಪೆನ್ಸಿಲ್ಲಿನಲ್ಲಿ ಬರೆಯಬೇಕು. ಮಾರನೆಯ ಬೆಳಿಗ್ಗೆ ಬಟ್ಟೆ ಕಲೆಮೇಜಿಗೆ ಬಂದಾಗ ಅವಳು ಹನಿ ನೀರು ಬಿಟ್ಟು, ಬಿಳಿಬಟ್ಟೆಯಿಂದ ಒತ್ತಿ ಪರೀಕ್ಷೆ ಮಾಡಿ, ಅದು ನಿಜಕ್ಕೂ ಏನೆಂಬುದನ್ನು ಅದೇ ಜಾಗದಲ್ಲಿ, ಪೆನ್ಸಿಲ್ಲಿನ ಅಕ್ಷರದ ಮೇಲೆಯೇ, ಶಾಯಿಯಲ್ಲಿ ಬರೆಯಬೇಕು. ಚಹಾ ಎಂದು ನಂಬಿ ರಕ್ತದ ಮೇಲೆ ಬಿಸಿನೀರು ಸುರಿದರೆ ಕಲೆ ಬೆಂದು ಬಟ್ಟೆಯಲ್ಲೇ ಕೂತುಬಿಡುತ್ತದೆ. ಆಮೇಲೆ ಬೈಗುಳ ಅಂಗಡಿಗೆ. ಎರಡಕ್ಕೂ ಬೇರೆ ಬೇರೆ ಜಾಗ ಗೆರೆ ಹಾಕಿಸಬಹುದಿತ್ತು. ಕಾಗದ ದಂಡ ಎಂದು ಭಾವ ಹಾಕಿಸಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಒಬ್ಬ ಗಂಡಸು ತಿಳಿನೀಲಿ ಅಂಗಿಯೊಂದನ್ನು ಕೊಟ್ಟು ಹೋಗಿದ್ದ. ಅದೇ ಸಂಜೆ ಅವನ ಹೆಂಡತಿ ಮನೆಯ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಸತ್ತಿದ್ದಳು. ತಾನು ಮನೆಯಲ್ಲೇ ಇರಲಿಲ್ಲ, ಬರುವ ಹೊತ್ತಿಗೆ ನೆರೆಯವರು ಅವಳನ್ನು ಆಸ್ಪತ್ರೆಗೆ ಸಾಗಿಸಿದ್ದರು, ತಾನು ಅವಳನ್ನು ಮುಟ್ಟಲೂ ಇಲ್ಲ ಎಂದು ಅವನು ಹೇಳಿದ. ಎರಡು ತಿಂಗಳ ಮೇಲೆ ಅವನ ಬೀರುವಿನಲ್ಲಿ ಆ ಅಂಗಿ ಪೊಲೀಸರಿಗೆ ಸಿಕ್ಕಿತು. ತೊಳೆದು ಇಸ್ತ್ರಿ ಮಾಡಿದ ಅಂಗಿಯಿಂದ ಏನೂ ತಿಳಿಯಲಿಲ್ಲ. ಕಾಲರಿಗೆ ಇನ್ನೂ ಅಂಟಿಕೊಂಡಿದ್ದ ಚೀಟಿ ಮಾತ್ರ ಅವರನ್ನು ಅಂಗಡಿಯ ಬಾಗಿಲಿಗೆ ಕರೆತಂದಿತು.

ಇನ್‌ಸ್ಪೆಕ್ಟರು ಕೌಂಟರಿನಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಭಾವ ಪುಸ್ತಕ ಹಿಡಿದು ಒಳಗೆ ಬಂದರು. ಅವರ ಮುಖ ಕಪ್ಪಿಟ್ಟಿತ್ತು. ಅಂಗಿ ಬಂದ ತಿಂಗಳು ಕೆಲಸ ಮೈಮೇಲೆ ಬಿದ್ದು ಅವಳು ಹನ್ನೊಂದು ಸಾಲುಗಳಿಗೆ ಶಾಯಿ ಹಾಕಿರಲಿಲ್ಲ. ನೀಲಿ ಅಂಗಿಯ ಸಾಲು ಅವುಗಳಲ್ಲಿ ಒಂದು. ಅಲ್ಲಿ ಪೆನ್ಸಿಲ್ಲಿನಲ್ಲಿ 'ಚಹಾ' ಎಂದಷ್ಟೇ ಇತ್ತು. ಹೀಗೆ ಅರ್ಧಂಬರ್ಧ ಪುಸ್ತಕವನ್ನು ಪೊಲೀಸರ ಕೈಗೆ ಕೊಟ್ಟರೆ ಅಂಗಡಿಯ ಮರ್ಯಾದೆ ಏನಾಗಬೇಕು, ಎಲ್ಲವನ್ನೂ ತುಂಬಿ ಕೊಡು, ಬೇಗ ಎಂದು ಭಾವ ಪಿಸುಗುಟ್ಟಿದರು. ಅವಳು ಒಗೆಯುವ ಯಂತ್ರದ ಮೇಲೆಯೇ ಪುಸ್ತಕ ಇಟ್ಟುಕೊಂಡು ಹನ್ನೊಂದು ಸಾಲುಗಳನ್ನು ಒಂದೇ ಉಸಿರಿಗೆ ತುಂಬಿದಳು. ಎಣ್ಣೆ. ಮಸಿ. ತುಕ್ಕು. ಬೆವರು. ಇನ್‌ಸ್ಪೆಕ್ಟರು ಯಾಕೆ ಬಂದಿದ್ದಾರೆಂಬುದು ಅಷ್ಟರಲ್ಲಿ ಅವಳ ಕಿವಿಗೆ ಬಿದ್ದಿತ್ತು. ನೀಲಿ ಅಂಗಿಯ ಸಾಲಿಗೆ ಬಂದಾಗ ಕೈ ನಿಲ್ಲದೆ 'ರಕ್ತ' ಎಂದು ಬರೆಯಿತು. ಆ ಗಳಿಗೆಯಲ್ಲಿ ಅದು ನೆನಪಿನಿಂದಲೇ ಬಂದಂತಿತ್ತು.

ಈಗ ಆ ಎರಡಕ್ಷರದ ಮೇಲೆ ಒಬ್ಬ ಮನುಷ್ಯನ ಜೀವಾವಧಿ ಶಿಕ್ಷೆ ನಿಂತಿತ್ತು.

ಕೋಟನ್ನು ಹ್ಯಾಂಗರಿಗೆ ಹಾಕಿ, ಕೈ ತೊಳೆದು ಗಂಡನೊಂದಿಗೆ ಹೊರಟಳು.

ಸಾಕ್ಷಿ ಹೇಳುವ ಮೊದಲು ಸರ್ಕಾರಿ ವಕೀಲರ ಕೋಣೆಗೆ ಬರಬೇಕೆಂದು ಅಪ್ಪಣೆಯಾಗಿತ್ತು. ಈ ತಿಂಗಳಲ್ಲಿ ಇದು ಮೂರನೆಯ ಸಲ. ಕೋಣೆಯಲ್ಲಿ ಕಡತಗಳ ರಾಶಿ, ಕಿಟಕಿಯಲ್ಲಿ ಪಾರಿವಾಳದ ಹಿಕ್ಕೆ, ಕಡತದ ಮೇಲೆ ಚಹಾದ ಲೋಟದ ಉಂಗುರಗಳು. ವಕೀಲರು ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದು, ಮುಚ್ಚಳದ ತುದಿಯನ್ನೊಮ್ಮೆ ಪರೀಕ್ಷಿಸಿ, ಅದನ್ನು ಮತ್ತೆ ಪೆನ್ನಿಗೆ ಹಾಕಿ, ಅವಳು ಪೊಲೀಸರಿಗೆ ಕೊಟ್ಟಿದ್ದ ಹೇಳಿಕೆಯನ್ನು ಮುಂದೆ ತಳ್ಳಿದರು. ಓದಿ, ಕಣ್ಣು ಮುಚ್ಚಿ ಒಪ್ಪಿಸಲು ಹೇಳಿದರು. ಅವಳು ಒಪ್ಪಿಸಿದಳು. ತಪ್ಪಿದ ಕಡೆ ಅವರು ತಿದ್ದಿದರು, ಶಾಲೆಯ ಮಾಸ್ತರರ ಹಾಗೆ.

ಮೊದಲ ಸಲ ಆ ಹೇಳಿಕೆ ಓದಿದಾಗ ಅವಳ ಕಣ್ಣ ಮುಂದೆ ಏನೂ ಬಂದಿರಲಿಲ್ಲ. ನಾಲ್ಕು ವರ್ಷದಲ್ಲಿ ಎಷ್ಟು ಸಾವಿರ ಅಂಗಿಗಳು. ಎರಡನೆಯ ಸಲ ಓದಿದಾಗ ಅಂಗಿಯ ಗುಂಡಿಗಳು ಕಾಣಿಸಿದವು. ಇವತ್ತು ಎಲ್ಲವೂ ಕಂಡಿತು. ಅವನ ಅವಸರದ ಬೆರಳುಗಳು, ಎಡತೋಳಿನ ಕಂದು ಕಲೆ, ಬೋಗುಣಿಯ ತಣ್ಣೀರಿನಲ್ಲಿ ನಿಧಾನವಾಗಿ ಹರಡಿದ ಗುಲಾಬಿ ಬಣ್ಣ. ಅದು ಅತಿ ಚೆನ್ನಾಗಿ ಕಂಡಿತು. ಜನ ತೊಟ್ಟು ಬಿಟ್ಟ ಬಟ್ಟೆಯ ವಾಸನೆ ಅವಳಿಗೆ ಗೊತ್ತು. ಈ ನೆನಪಿಗೆ ಆಗಷ್ಟೇ ಕೊಂಡು ತಂದ ಹೊಸ ಬಟ್ಟೆಯ ಗಂಜಿ ವಾಸನೆಯಿತ್ತು. ಇದನ್ನು ಯಾರೂ ತೊಟ್ಟಿರಲಿಲ್ಲ.

“ನೋಡಿ, ಎಷ್ಟು ಚೆನ್ನಾಗಿ ನೆನಪಿದೆ ನಿಮಗೆ,” ಎಂದರು ವಕೀಲರು. “ಸುಮ್ನೆ ಹೆದರ್ತಾ ಇದ್ರಿ.”

ಶಾಯಿ ಯಾವಾಗ ಹಾಕಿದ್ದೆಂದು ಅವರು ಒಂದು ಸಲವೂ ಕೇಳಿರಲಿಲ್ಲ. ಕೇಳದೇ ಇರುವುದಕ್ಕೂ ಒಂದು ಜಾಣತನ ಬೇಕು ಎಂದು ಅವಳಿಗೆ ಅನ್ನಿಸಿತು. ಹೇಳದೇ ಇದ್ದ ತನ್ನ ಜಾಣತನವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

ಹೊರಗೆ ಉದ್ದನೆಯ ಬೆಂಚಿನ ಒಂದು ತುದಿಯಲ್ಲಿ ಸತ್ತವಳ ತಾಯಿ ಕೂತಿದ್ದರು. ನಾಲ್ಕು ವರ್ಷವೂ ಒಂದು ತಾರೀಖು ತಪ್ಪಿಸದೆ ಬಂದವರು ಎಂದು ಗಂಡ ಹೇಳಿದ್ದ. ಅವರು ಎದ್ದು ಬಂದು ಅವಳ ಮಣಿಕಟ್ಟು ಹಿಡಿದುಕೊಂಡರು. ಅಂಗೈ ಒಣಗಿ ಒರಟಾಗಿತ್ತು.

“ನನ್ನ ಮಗಳ ಕಡೆಗೆ ಅಂತ ಇರೋಳು ನೀನೊಬ್ಬಳೇ ತಾಯಿ,” ಎಂದರು. “ಕಂಡದ್ದನ್ನ ಹೇಳಿಬಿಡು. ಅಷ್ಟು ಸಾಕು.”

ಅವಳು ತಲೆಯಾಡಿಸಿದಳು. ಬೆಂಚಿನ ಇನ್ನೊಂದು ತುದಿಯಲ್ಲಿ ಆ ಅಂಗಿ ಕೊಟ್ಟವನೂ ಕೂತಿದ್ದ. ಜಾಮೀನಿನ ಮೇಲೆ ಹೊರಗಿದ್ದು, ಮೈ ತುಂಬಿಕೊಂಡಿದ್ದ. ಬಿಸ್ಕತ್ತು ತಿಂದು ಅಂಗಿಯ ಮೇಲೆ ಬಿದ್ದ ಪುಡಿಯನ್ನು ಒಂದೊಂದಾಗಿ ಬೆರಳಿನಿಂದ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅತ್ತೆಯಾಗಿದ್ದ ಹೆಂಗಸು ಎರಡು ಮಾರು ದೂರದಲ್ಲಿ ನಿಂತು ಅಳುತ್ತಿದ್ದರೂ ಆ ಕಡೆಗೆ ತಿರುಗಲಿಲ್ಲ. ಇವನೇ ಮಾಡಿದ್ದು ಎಂಬ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಅನ್ನಿಸಿದ್ದನ್ನೂ ಕಂಡದ್ದನ್ನೂ ಒಂದೇ ಬೋಗುಣಿಯಲ್ಲಿ ನೆನೆಹಾಕಿದರೆ ಆಮೇಲೆ ಯಾವುದರ ಬಣ್ಣ ಯಾವುದಕ್ಕೆ ಹತ್ತಿತೆಂದು ಯಾರು ಹೇಳಬೇಕು?

ಸಾಕ್ಷಿಕಟ್ಟೆಯ ಮರದ ಕಟಕಟೆ ಸಾವಿರಾರು ಕೈಗಳ ಜಿಡ್ಡಿನಿಂದ ಕಪ್ಪಾಗಿ ಹೊಳೆಯುತ್ತಿತ್ತು. ಅವಳು ಅದನ್ನು ಮುಟ್ಟದೆ ನಿಂತಳು. ಪ್ರಮಾಣ ಮಾಡಿದಳು. ಸರ್ಕಾರಿ ವಕೀಲರು ತಾರೀಖು ಕೇಳಿದರು, ಚೀಟಿಯ ನಂಬರು ಕೇಳಿದರು. ಪುಸ್ತಕ ನೋಡದೆ ಹೇಳಲಾರೆ ಎಂದಳು. ಕಲಿಸಿಕೊಟ್ಟದ್ದೂ ಹಾಗೆಯೇ. ನ್ಯಾಯಾಧೀಶರು ಕನ್ನಡಕ ಸರಿಸಿ ಅವಳತ್ತ ನೋಡಿದರು. ನೆನಪಿಗಾಗಿ ಪುಸ್ತಕ ನೋಡಬಹುದು, ಆದರೆ ಅದು ನಿಮ್ಮ ಕೈಬರಹವೇ ಆಗಿರಬೇಕು, ನಡೆದ ಹೊತ್ತಿಗೇ ಬರೆದದ್ದಾಗಿರಬೇಕು, ಇಲ್ಲವೇ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದ್ದಾಗ ಬರೆದದ್ದಾಗಿರಬೇಕು ಎಂದು ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದರು.

“ಯಾವಾಗ ಬರೆದಿರಿ?”

“ಪೆನ್ಸಿಲ್ಲು ಆಗಲೇ. ಶಾಯಿ ಮಾರನೇ ದಿನ ಬೆಳಿಗ್ಗೆ.”

ಅಂಗಡಿಗೆ ಬಂದವರಿಗೆ 'ನಾಳೆ ಸಂಜೆ ಸಿಗುತ್ತೆ' ಎನ್ನುವಷ್ಟು ಸಲೀಸಾಗಿ ಆ ಮಾತು ಬಾಯಿಂದ ಹೊರಬಿತ್ತು. ಪಕ್ಕದಲ್ಲಿ ಬೆರಳಚ್ಚಿನವಳು ಟಕಟಕ ಹೊಡೆದುಕೊಂಡಳು. ಪುಸ್ತಕವನ್ನು ಕೈಗೆ ಕೊಟ್ಟರು. ಅವಳು ನೋಡಿ, ಎಡತೋಳು, ರಕ್ತ, ಎಂದು ಓದಿದಳು. ಹಿಂದಿನ ಸಾಲಿನಲ್ಲಿ ಭಾವ ಎದೆ ಸೆಟೆಸಿ ಕೂತಿದ್ದರು.

ಸಾಕ್ಷಿ ನೋಡಿದ ಪುಸ್ತಕವನ್ನು ನೋಡುವ ಹಕ್ಕು ಎದುರು ಪಕ್ಷಕ್ಕೂ ಉಂಟು. ಆರೋಪಿಯ ವಕೀಲ ಸಣ್ಣ ದನಿಯ, ನಯವಾದ ಮನುಷ್ಯ. ಪುಸ್ತಕವನ್ನು ಈಸಿಕೊಂಡು ಬೆರಳನ್ನು ನಾಲಿಗೆಗೆ ಒತ್ತಿ ಪುಟ ತಿರುವಿದ. ಮತ್ತೆ ನಾಲಿಗೆಗೆ, ಮತ್ತೆ ಪುಟಕ್ಕೆ. ಅವಳ ಅಕ್ಷರಗಳ ಮೂಲೆಯಲ್ಲಿ ಅವನ ಎಂಜಲಿನ ಒದ್ದೆ ಗುರುತು ಉಳಿಯುವುದನ್ನು ಅವಳು ನೋಡುತ್ತ ನಿಂತಳು. ಪಾಟೀಸವಾಲು ಶುರುವಾಗಿ ಹತ್ತು ನಿಮಿಷ ಅವನು ಅಂಗಡಿಯ ಬಗ್ಗೆ, ಅವಳ ಓದಿನ ಬಗ್ಗೆ, ಕಣ್ಣಿನ ಪರೀಕ್ಷೆ ಯಾವಾಗ ಮಾಡಿಸಿದಿರಿ ಎಂಬುದರ ಬಗ್ಗೆ ಕೇಳಿದ. ಆಮೇಲೆ ಪುಸ್ತಕವನ್ನು ಅವಳ ಕಡೆ ತಿರುಗಿಸಿದ.

“ಈ ತಿಂಗಳಲ್ಲಿ ಹನ್ನೊಂದು ಸಾಲು ಒಂದೇ ಪೆನ್ನಲ್ಲಿ ಬರೆದ ಹಾಗಿದೆ ಅಲ್ವಾ ಅಕ್ಕಾ?”

“ಕೈಗೆ ಯಾವುದು ಸಿಗುತ್ತೋ ಅದರಲ್ಲಿ ಬರೀತೀನಿ.”

“ಹನ್ನೊಂದು ಬೇರೆ ಬೇರೆ ದಿನ, ಒಂದೇ ಪೆನ್ನು. ಮಧ್ಯದ ದಿನಗಳಲ್ಲಿ ಬೇರೆ ಪೆನ್ನು. ಒಳ್ಳೇ ಪೆನ್ನು ಬಿಡಿ. ನಡುನಡುವೆ ರಜಾ ಹಾಕಿ ಹೋಗಿ ಬರುತ್ತೆ.”

ಕೋರ್ಟಿನಲ್ಲಿ ನಗು ಹರಿಯಿತು. ಆರೋಪಿಯ ಕಟಕಟೆಯಲ್ಲಿ ನಿಂತಿದ್ದ ಅವನೂ ನಕ್ಕ. ಹಲ್ಲಿನ ಸಂದಿಯಲ್ಲಿ ಬಿಸ್ಕತ್ತು ಇನ್ನೂ ಇತ್ತು. ಹೆಂಡತಿಯ ಸಾವಿನ ವಿಚಾರಣೆಯಲ್ಲಿ ನಗುವವನ ಬಾಯಿ ನೋಡಿ ಅವಳಿಗೆ ಮೈಯೆಲ್ಲ ಮುದುಡಿತು. ಅವನಿಗೆ ಶಿಕ್ಷೆಯಾಗಲಿ, ಹೇಗಾದರೂ ಆಗಲಿ ಅನ್ನಿಸಿತು. ಆ 'ಹೇಗಾದರೂ' ಎಂಬುದು ತನ್ನದೇ ಬಾಯಿ ಎಂದು ಹೊಳೆದಾಗ ಅಸಹ್ಯ ಅವನಿಂದ ಹಾದು ಅವಳ ಮೇಲೆಯೇ ಬಂದು ಕೂತಿತು.

ವಕೀಲ ಇನ್ನೇನೂ ಕೇಳಲಿಲ್ಲ. ಅಷ್ಟಕ್ಕೇ ಕೂತುಬಿಟ್ಟ. ಮರು ವಿಚಾರಣೆ ಇದೆ ಎಂದು ಸರ್ಕಾರಿ ವಕೀಲರು ಎದ್ದರು, ಆದರೆ ಹೊತ್ತಾಗಿತ್ತು. ನಾಳೆಗೆ ಮುಂದೂಡಿ ನ್ಯಾಯಾಧೀಶರು ಅವಳಿಗೆ ಹೇಳಿದರು: ನಿಮ್ಮ ಸಾಕ್ಷ್ಯ ಮುಗಿದಿಲ್ಲ. ಅಲ್ಲಿಯವರೆಗೆ ಈ ವಿಷಯವನ್ನು ಯಾರ ಜೊತೆಗೂ ಮಾತಾಡುವ ಹಾಗಿಲ್ಲ.

ಬಾಗಿಲು ದಾಟಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಎಲ್ಲರೂ ಮಾತಾಡತೊಡಗಿದ್ದರು. ಸರ್ಕಾರಿ ವಕೀಲರು ಅವಳನ್ನು ಕಂಬದ ಮರೆಗೆ ಕರೆದು, ದನಿ ತಗ್ಗಿಸಿ, ನಾಳೆಯ ಲೆಕ್ಕ ಹೇಳಿದರು. ಪಾಟೀಸವಾಲಿನಲ್ಲಿ ಅವನು ಕಲಕಿ ಬಿಟ್ಟದ್ದನ್ನು ತಿಳಿಗೊಳಿಸುವುದಕ್ಕೆ ಮಾತ್ರ ತಮಗೆ ಅವಕಾಶ. ಹೊಸ ಕಥೆ ಎತ್ತಿದರೆ ಕೋರ್ಟಿನ ಅನುಮತಿ ಬೇಕು, ಅವನಿಗೆ ಇನ್ನೊಂದು ಸರದಿ ಸಿಗುತ್ತದೆ. ಉತ್ತರವನ್ನು ತಾವೇ ಅವಳ ಬಾಯಿಗೆ ಇಡುವ ಹಾಗೂ ಇಲ್ಲ. ಆದ್ದರಿಂದ ಒಂದೇ ಪ್ರಶ್ನೆ. ಪೆನ್ಸಿಲ್ಲಿನ ಮೇಲೆ ಶಾಯಿ ಯಾಕೆ ಇದೆ, ವಿವರಿಸಿ ಎನ್ನುತ್ತೇನೆ.

“ನಿಮ್ಮ ಅಂಗಡಿ ಪದ್ಧತಿ ಹೇಳಿ, ಸಾಕು. ದಿನಾ ಮಾರನೇ ಬೆಳಿಗ್ಗೆ ಶಾಯಿ ಹಾಕ್ತೀವಿ ಅನ್ನಿ. ಅದು ನಿಜ ತಾನೇ?”

“ನಿಜ.”

“ಆ ಒಂದು ದಿನದ ಮಾತು ಎತ್ತೋಕೆ ಹೋಗ್ಬೇಡಿ. ಪದ್ಧತಿ, ಪದ್ಧತಿ, ಪದ್ಧತಿ. ತಿಳೀತಾ ಅಮ್ಮಾ?”

ಅವರಿಗೆ ಗೊತ್ತಿದೆ ಎಂದು ಆಗ ಅವಳಿಗೆ ಖಾತ್ರಿಯಾಯಿತು. ಎಷ್ಟು ಚೊಕ್ಕಟವಾದ ಕೆಲಸ. ಸುಳ್ಳಿನ ಒಂದು ನೂಲೂ ಇಲ್ಲ, ಎಲ್ಲ ನಿಜದ ತುಂಡುಗಳೇ. ಹೊಲಿಗೆ ಮಾತ್ರ ಒಳಗಡೆ. ಅವರು ಮತ್ತೆ ಪೆನ್ನಿನ ಮುಚ್ಚಳವನ್ನು ಕಿವಿಗೆ ಒಯ್ಯುವುದನ್ನು ಕಂಡು ಅವಳು ಮುಖ ತಿರುಗಿಸಿದಳು.

ಅಂಗಡಿಗೆ ಮರಳಿದಾಗ ಭಾವ ಹಬ್ಬದ ಹುರುಪಿನಲ್ಲಿದ್ದರು. ತಮ್ಮ ಪುಸ್ತಕಕ್ಕೆ ಕೋರ್ಟಿನವರು ನಂಬರು ಹಾಕಿ, ಮೊಹರು ಒತ್ತಿ ಇಟ್ಟುಕೊಂಡದ್ದನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ಓರಗಿತ್ತಿ ಒಳಗಿನಿಂದ ಚಹಾ ತಂದು, ನಿನ್ನ ಕಾಗೆ ಕಾಲಿನ ಅಕ್ಷರ ಜಡ್ಜಿಗೆ ಓದೋಕೆ ಬಂತಲ್ಲ, ಅದೇ ಪವಾಡ ಎಂದು ಕೀಟಲೆ ಮಾಡಿದಳು. ಆಮೇಲೆ ಹತ್ತಿರ ಕೂತು, ನಾಳೆ ಒಂದು ದಿನ ಗಟ್ಟಿ ಮನಸ್ಸು ಮಾಡು, ಆ ಪಾಪಿ ಒಳಗೆ ಹೋದರೆ ಆ ತಾಯಿಯ ಹೊಟ್ಟೆ ತಣ್ಣಗಾಗುತ್ತೆ ಎಂದಳು. ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಅದೇ ಕಷ್ಟ.

ಚಹಾವನ್ನು ಬಾಯಿಗೆ ಇಡಲಾಗಲಿಲ್ಲ. ಲೋಟವನ್ನು ಹಿಡಿದುಕೊಂಡೇ ಇಸ್ತ್ರಿ ಮೇಜಿನ ಬಳಿ ಹೋದಳು. ಇಡೀ ದಿನ ಒಂದು ಆಸೆಯನ್ನು ಅವಳು ಒಳಗೇ ಇಟ್ಟುಕೊಂಡಿದ್ದಳು. ಒಗೆದ ಅಂಗಿ ಇಸ್ತ್ರಿಗೆ ಬರುವುದು ಗಂಡನ ಕೈಗೆ. ಎಂಥ ಕಲೆಯಾದರೂ ಒಂದಿಷ್ಟು ನೆರಳು ಉಳಿದಿದ್ದರೆ ಅವನು ಕೂಗಿ ಕರೆದು ತೋರಿಸುತ್ತಿದ್ದ. ಅವನಿಗೇ ಏನಾದರೂ ನೆನಪಿದ್ದರೆ, ಬೇರೆಯಾಗಿ, ಅವನದೇ ಆಗಿ, ಆಗ ತಾನು ಬರೆದದ್ದು ಬರಿದೆ ಊಹೆ ಆಗುವುದಿಲ್ಲ.

“ಆ ನೀಲಿ ಅಂಗಿ ನೆನಪಿದೆಯಾ ನಿಮಗೆ?”

“ನೆನಪಿಲ್ಲದೆ ಏನು,” ಎಂದ ಗಂಡ, ತಲೆ ಎತ್ತದೆ. “ಎಡತೋಳಲ್ಲಿ ರಕ್ತ ಇತ್ತು.”

ಅವಳ ಎದೆ ಒಮ್ಮೆ ಹಗುರಾಯಿತು. “ನೀವು ನೋಡಿದ್ರಾ?”

ಅವನು ಇಸ್ತ್ರಿಯನ್ನು ಎತ್ತಿ ನಿಲ್ಲಿಸಿ, ಸ್ವಲ್ಪ ಯೋಚಿಸಿದ. ಒಳ್ಳೆಯ ಮನುಷ್ಯ. ಅವಳಿಗೆ ಬೇಕಾದ ಉತ್ತರ ಯಾವುದೆಂದು ಹುಡುಕುತ್ತಿದ್ದ.

“ನೋಡಿದ್ದು ಅಂತ ಅಲ್ಲ. ನೀನು ಬರೆದಿದ್ದೀಯಲ್ಲ ಪುಸ್ತಕದಲ್ಲಿ. ಪೊಲೀಸರು ಬಂದ ದಿನ ಅಣ್ಣ ತೋರಿಸಿದ. ಆವತ್ತಿಂದ ನೆನಪಿದೆ.” ಮತ್ತೆ ಇಸ್ತ್ರಿ ಹಿಡಿದ. “ನಾಳೆ ವಕೀಲರು ಹೇಳಿದಷ್ಟು ಹೇಳಿಬಿಡು. ಮುಗಿದುಹೋಗುತ್ತೆ.”

ಅವಳು ಲೋಟವನ್ನು ಕಿಟಕಿಯ ಮೇಲಿಟ್ಟಳು. ಒಂದು ಮಧ್ಯಾಹ್ನ ಯಂತ್ರದ ಮೇಲಿಟ್ಟುಕೊಂಡು ಗೀಚಿದ ಎರಡಕ್ಷರ ಇನ್‌ಸ್ಪೆಕ್ಟರು ಬರೆದುಕೊಂಡ ಹೇಳಿಕೆಗೆ ಹೋಗಿ, ಅಲ್ಲಿಂದ ವಕೀಲರ ಕೋಣೆಗೆ ಹೋಗಿ, ತನ್ನ ಕಣ್ಣೊಳಗೆ ಗುಲಾಬಿ ನೀರಾಗಿ ಮರಳಿ ಬಂದಿತ್ತು. ಭಾವನ ಎದೆಯಲ್ಲಿ, ಓರಗಿತ್ತಿಯ ಮರುಕದಲ್ಲಿ, ಈಗ ಗಂಡನ ತಲೆಯಲ್ಲೂ ಅದೇ. ಎಲ್ಲರೂ ಒಂದೇ ಎಂಜಲನ್ನು ಬಾಯಿಂದ ಬಾಯಿಗೆ ದಾಟಿಸಿ ಅದಕ್ಕೆ ನೆನಪು ಎನ್ನುತ್ತಿದ್ದರು. ಅವಳು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಮೋರಿಯ ಬಳಿ ಬಗ್ಗಿ ನಿಂತಳು. ವಾಂತಿ ಬರಲಿಲ್ಲ. ಬಾಯಿ ಮುಕ್ಕಳಿಸಿ ಉಗಿದಳು.

ಅಲ್ಲಿಯೇ, ಒಣಹಾಕಿದ ಹಾಸಿಗೆ ಬಟ್ಟೆಗಳ ನಡುವೆ ನಿಂತು, ಶಾಯಿಯ ಹಿಂದಕ್ಕೆ ಹೋಗಲು ನೋಡಿದಳು. ಹೇಳಿಕೆಯ ಹಿಂದಕ್ಕೆ, ಪೊಲೀಸರ ಹಿಂದಕ್ಕೆ. ಅಲ್ಲಿ ಅಂಗಿ ಇರಲಿಲ್ಲ, ಬೋಗುಣಿ ಇರಲಿಲ್ಲ. ಒಂದು ಸಂಜೆ ಯಾರೋ ಒಬ್ಬ ಚಹಾ ಎಂದ, ತಾನು ಚಹಾ ಎಂದು ಬರೆದೆ. ಅದೂ ನೆನಪಲ್ಲ, ಪೆನ್ಸಿಲ್ಲು ಹೇಳುವ ಮಾತು. ಆದರೆ ಆ ಪೆನ್ಸಿಲ್ಲು ಅವನ ಎದುರಿಗೇ ಬರೆದದ್ದು. ಅವನ ಹೆಂಡತಿ ಸತ್ತ ಸಂಜೆ ಅವನು ಕಲೆಯ ಅಂಗಿ ತಂದು ಕೊಟ್ಟದ್ದು ಮಾತ್ರ ನಿಜ. ಆ ತಾಯಿಗೆ ಕೊಡುವುದಕ್ಕೆ ತನ್ನ ಬಳಿ ಇರುವುದು ಅಷ್ಟೇ. ಅಷ್ಟಕ್ಕೆ ಯಾರಿಗೂ ಶಿಕ್ಷೆಯಾಗುವುದಿಲ್ಲ. ಅವನು ಆ ಹಲ್ಲು ತೋರಿಸಿಕೊಂಡೇ ಮನೆಗೆ ಹೋಗಬಹುದು. ಆ ತಾಯಿ ಇನ್ನೊಮ್ಮೆ ತನ್ನ ಮಣಿಕಟ್ಟು ಹಿಡಿಯುವುದಿಲ್ಲ. ಭಾವ ಅಂಗಡಿಯಲ್ಲಿ ಇಟ್ಟುಕೊಳ್ಳುವುದೂ ಅನುಮಾನ. ಇವತ್ತು ಬೆಳಿಗ್ಗೆ ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡರೆ ನ್ಯಾಯಾಧೀಶರು ತನ್ನನ್ನೇ ಏನು ಮಾಡುತ್ತಾರೋ. ಇವೆಲ್ಲವನ್ನೂ ಅವಳು ಒಂದೊಂದಾಗಿ ನೋಡಿದಳು. ಒಂದೂ ಸಣ್ಣದಾಗಿ ಕಾಣಲಿಲ್ಲ.

'ಕಂಡದ್ದನ್ನ ಹೇಳಿಬಿಡು' ಎಂದಿದ್ದರು ಆ ತಾಯಿ. ಕಾಣದೇ ಇದ್ದದ್ದನ್ನು ಹೇಳು ಎಂದಿರಲಿಲ್ಲ.

ನಾಳೆ ಸರ್ಕಾರಿ ವಕೀಲರು ತಮ್ಮ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. ಪೆನ್ಸಿಲ್ಲಿನ ಮೇಲೆ ಶಾಯಿ ಯಾಕಿದೆ, ವಿವರಿಸಿ ಎನ್ನುತ್ತಾರೆ. ಕೇಳಿದ ಮೇಲೆ ಉತ್ತರವನ್ನು ಬಾಯಿಗೆ ಇಡುವ ಹಾಗಿಲ್ಲ ಎಂದು ಅವರೇ ಹೇಳಿದ್ದಾರೆ. ಬಾಯಿಂದ ಕಿತ್ತುಕೊಳ್ಳುವ ಹಾಗೂ ಇರಲಾರದು. ಪದ್ಧತಿಯನ್ನು ಬಿಟ್ಟು ಆ ಒಂದು ದಿನದಿಂದ ಶುರುಮಾಡಬೇಕು ಎಂದುಕೊಂಡಳು. ಹೊರಗೆ ಇನ್‌ಸ್ಪೆಕ್ಟರು ಚಹಾ ಕುಡಿಯುತ್ತಿದ್ದರು, ನಾನು ಒಳಗೆ ಹನ್ನೊಂದು ಸಾಲು ತುಂಬಿದೆ, ಅಲ್ಲಿಂದ.

ಒಳಗಿನಿಂದ ಗಂಡ ಕೂಗಿದ. ನಾಳೆ ಎಷ್ಟು ಹೊತ್ತಿಗೆ ಹೊರಡೋದು ಎಂದು ಕೇಳುತ್ತಿದ್ದ.

“ಹತ್ತಕ್ಕೆ,” ಎಂದಳು. “ಹತ್ತಕ್ಕೆ ಹೊರಟರೆ ಸಾಕು.”